ಮೆಜೆಸ್ಟಿಕ್ ಮುಟ್ಟದ ಬಸ್ಸು



ಬೆಂಗಳೂರಿನ ರಾಜಾಜಿನಗರ ಮೆಟ್ರೋ ನಿಲ್ದಾಣದಿಂದ ವಿಜಯನಗರ ಮೆಟ್ರೋ ನಿಲ್ದಾಣಕ್ಕೆ ಹೋಗಬೇಕು ಅಂತಿಟ್ಟುಕೊಳ್ಳಿ. ಕಾರ್ಡ್ ರೋಡ್ ಹಿಡಿದರೆ ನಾಲ್ಕೈದು ಕಿಲೋಮೀಟರಿನ ದಾರಿ. ಆದರೆ ರೈಲಿನಲ್ಲೇ ಹೋಗುತ್ತೇನೆ ಎಂದರೆ ಕುವೆಂಪು ರಸ್ತೆ, ಶ್ರೀರಾಂಪುರ, ಸಂಪಿಗೆ ರಸ್ತೆ ದಾಟಿ ಮೆಜೆಸ್ಟಿಕ್ಕಿನ ನೆಲದಡಿಗೆ ಇಳಿಯಬೇಕು. ಅಲ್ಲಿ ಹಸಿರು ಮಾರ್ಗ ಬಿಟ್ಟು ನೇರಳೆ ಮಾರ್ಗ ಹಿಡಿಯಬೇಕು. ಆಮೇಲೆ ಸಿಟಿ ರೈಲ್ವೆ ನಿಲ್ದಾಣ, ಮಾಗಡಿ ರಸ್ತೆ, ಹೊಸಹಳ್ಳಿ ಕಳೆದು ವಿಜಯನಗರ. ಪಕ್ಕದ ಬಡಾವಣೆ ಅನ್ನಿಸಿಕೊಂಡದ್ದು ಎಂಟನೆಯ ನಿಲ್ದಾಣವಾಗಿ ಬರುತ್ತದೆ.

ಮೆಟ್ರೋವನ್ನು ದೂರಿ ಪ್ರಯೋಜನವಿಲ್ಲ. ಈ ಊರಿನ ಬಸ್ಸು ಹಾಕಿಕೊಟ್ಟ ಹೆಜ್ಜೆಯಲ್ಲೇ ಅದೂ ಹೆಜ್ಜೆ ಇಟ್ಟಿದೆ. ಪಶ್ಚಿಮ ಬೆಂಗಳೂರಿನ ಯಾವ ಬಡಾವಣೆಯ ಸ್ಟಾಪಿನಲ್ಲಾದರೂ ನಿಂತು ನೋಡಿ. ಬರುವ ಬಸ್ಸುಗಳಲ್ಲಿ ಹೆಚ್ಚಿನವುಗಳ ಹಣೆಯ ಮೇಲೆ ಕೆಂಪೇಗೌಡ ಬಸ್ ನಿಲ್ದಾಣ (ಅದೇ ಮೆಜೆಸ್ಟಿಕ್) ಎಂದಿರುತ್ತದೆ, ಇಲ್ಲವೇ ಕೆ.ಆರ್. ಮಾರುಕಟ್ಟೆ, ಇಲ್ಲವೇ ಶಿವಾಜಿನಗರ. ಈ ಮೂರಕ್ಕೂ ಹೋಗಬೇಕಿಲ್ಲದವರ ಪಾಡೇನು ಎಂಬುದು ಇವತ್ತಿನ ಮಾತು. ಬಸವೇಶ್ವರನಗರದ ಹಾವನೂರು ಸರ್ಕಲ್ಲಿನಿಂದ ಕೆಂಗೇರಿಯ ಕಾಲೇಜಿಗೆ ಹೋಗುವ ಹುಡುಗ, ಲಗ್ಗೆರೆಯಿಂದ ಮೈಸೂರು ರಸ್ತೆಯ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳು, ನಾಗರಭಾವಿಯಿಂದ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗೆ ಬರುವ ವಯಸ್ಸಾದ ಕಾರ್ಮಿಕ, ಇವರೆಲ್ಲ ಊರಿನ ನಡುವಿಗೆ ಹೋಗುವವರಲ್ಲ, ಊರನ್ನು ಅಡ್ಡ ಹಾಯುವವರು.

ಹೆಚ್ಚಿನ ಬಸ್ಸುಗಳು ಮೆಜೆಸ್ಟಿಕ್ಕಿಗೇ ಯಾಕೆ ಹೋಗುತ್ತವೆ ಎಂದರೆ, ಅದಕ್ಕೆ ಒಂದು ಕಾಲದಲ್ಲಿ ನ್ಯಾಯವಾದ ಕಾರಣವಿತ್ತು. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಶುರುವಾದಾಗ ಊರು ಎಂದರೆ ಪೇಟೆ ಮತ್ತು ದಂಡು. 1956ರಲ್ಲಿ ಸರ್ಕಾರ ಅದನ್ನು ತನ್ನ ಕೈಗೆ ತೆಗೆದುಕೊಂಡಿತು, ಅದು ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವಿಸ್, ಅಂದರೆ ಬಿ.ಟಿ.ಎಸ್. ಆಯಿತು. ಹಿಂದೆ ಧರ್ಮಾಂಬುಧಿ ಕೆರೆಯಿದ್ದ ಅಂಗಳದಲ್ಲಿ, ರೈಲ್ವೆ ನಿಲ್ದಾಣದ ಎದುರಿಗೇ ದೊಡ್ಡ ಬಸ್ ನಿಲ್ದಾಣ ಎದ್ದಿತು. ರಾಜಾಜಿನಗರ ಕೈಗಾರಿಕಾ ಉಪನಗರವಾಗಿ ಬೆಳೆಯಿತು. ಸರ್ಕಾರಿ ಸಾಬೂನು ಕಾರ್ಖಾನೆ 1957ರಲ್ಲಿ ಅಲ್ಲಿಗೆ ಬಂತು. ಅದರ ಹಿಂದೆ ಹಿಂದೆಯೇ ವಿಜಯನಗರ, ಬಸವೇಶ್ವರನಗರ. ಮನೆಗಳು ಇತ್ತ, ಕಚೇರಿ ಅತ್ತ. ಸಗಟು ವ್ಯಾಪಾರ ಚಿಕ್ಕಪೇಟೆಯಲ್ಲಿ, ಊರಿಗೆ ಹೋಗುವ ರೈಲು ಮೆಜೆಸ್ಟಿಕ್ಕಿನಲ್ಲಿ. ಬಡಾವಣೆಗೊಂದು ನಂಬರು ಕೊಟ್ಟು ನಡುವಿಗೆ ಬಸ್ಸು ಬಿಟ್ಟರೆ ಆ ಕಾಲಕ್ಕೆ ಸಾಕಾಗುತ್ತಿತ್ತು.

ಆಮೇಲೆ ಕೆಲಸವೇ ಜಾಗ ಬದಲಿಸಿತು. ಪೀಣ್ಯದಲ್ಲಿ ಕಾರ್ಖಾನೆಗಳ ಸಾಲು, ಕಾಮಾಕ್ಷಿಪಾಳ್ಯದಲ್ಲಿ ಲೇತು-ಲೇಪನದ ಸಣ್ಣ ಷೆಡ್ಡುಗಳು, ಮೈಸೂರು ರಸ್ತೆಯ ಉದ್ದಕ್ಕೂ ಗಾರ್ಮೆಂಟ್ಸು, ಜ್ಞಾನಭಾರತಿಯಲ್ಲಿ ವಿಶ್ವವಿದ್ಯಾಲಯ, ಅದರಾಚೆ ಎಂಜಿನಿಯರಿಂಗ್ ಕಾಲೇಜುಗಳು. ಸಾಬೂನು ಕಾರ್ಖಾನೆಯ ಎದುರು ಕಿರ್ಲೋಸ್ಕರ್ ಕಾರ್ಖಾನೆಯ ಜಮೀನಿನಲ್ಲಿ ಈಗ ಮಾಲು, ಕಚೇರಿ ಗೋಪುರ. ಇವು ಯಾವುವೂ ಮೆಜೆಸ್ಟಿಕ್ಕಿನಲ್ಲಿಲ್ಲ. 1997ರ ಆಗಸ್ಟ್ 15ರಂದು ಬಿ.ಟಿ.ಎಸ್. ಕೆ.ಎಸ್.ಆರ್.ಟಿ.ಸಿ.ಯಿಂದ ಬೇರೆಯಾಗಿ ಬಿ.ಎಂ.ಟಿ.ಸಿ. ಆದಾಗ ಹೆಸರು ಬದಲಾಯಿತು. ನಕ್ಷೆಯ ಆಕಾರ ಮಾತ್ರ ಬಹುಮಟ್ಟಿಗೆ ಹಳೆಯದೇ ಉಳಿಯಿತು.

ಪಶ್ಚಿಮದ ರಸ್ತೆಗಳನ್ನು ಕಣ್ಣ ಮುಂದೆ ತಂದುಕೊಳ್ಳಿ. ನಡುವಿನಿಂದ ಹೊರಗೆ ಹೊರಟವು ಮೂರು ಮುಖ್ಯ ರಸ್ತೆಗಳು: ತುಮಕೂರು ರಸ್ತೆ, ಮಾಗಡಿ ರಸ್ತೆ, ಮೈಸೂರು ರಸ್ತೆ. ಇವನ್ನು ಅಡ್ಡ ಕಟ್ಟುವ ದೊಡ್ಡ ರಸ್ತೆಗಳು ಎರಡು. ಒಳಗಿನದು ಕಾರ್ಡ್ ರೋಡ್: ಯಶವಂತಪುರದ ಕಡೆಯಿಂದ ಇಸ್ಕಾನ್ ಗುಡ್ಡದ ಪಕ್ಕ, ರಾಜಾಜಿನಗರ ಒಂದನೇ ಬ್ಲಾಕ್, ಶಿವನಗರ, ಮಾಗಡಿ ರಸ್ತೆಯ ಟೋಲ್‌ಗೇಟ್, ವಿಜಯನಗರ, ಅತ್ತಿಗುಪ್ಪೆ. ಹೊರಗಿನದು ವರ್ತುಲ ರಸ್ತೆ: ಗೊರಗುಂಟೆಪಾಳ್ಯ, ಸುಮನಹಳ್ಳಿ, ನಾಗರಭಾವಿ, ನಾಯಂಡಹಳ್ಳಿ. ಅಂದರೆ ಭೂಮಿಯ ಮೇಲೆ ಬಲೆ ಆಗಲೇ ಹೆಣೆದು ಮುಗಿದಿದೆ. ಹೊಸ ರಸ್ತೆ ಬೇಡ, ಭೂಸ್ವಾಧೀನ ಬೇಡ. ಈ ಬಲೆಯ ಮೇಲೆ ಬಸ್ಸುಗಳು ಹೇಗೆ ಓಡಬೇಕು ಎಂಬುದಷ್ಟೇ ಪ್ರಶ್ನೆ.

ಅಡ್ಡ ಓಡುವ ಬಸ್ಸುಗಳು ಇಲ್ಲವೇ ಇಲ್ಲ ಎನ್ನುವಂತಿಲ್ಲ. 401ರ ಬಳಗದ ಬಸ್ಸುಗಳು ಯಲಹಂಕ-ಯಶವಂತಪುರದ ಕಡೆಯನ್ನು ಕೆಂಗೇರಿಯ ಕಡೆಗೆ ಜೋಡಿಸುತ್ತವೆ. 500ರ ಬಳಗ ವರ್ತುಲ ರಸ್ತೆಯದು. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಹೋಗುವ 500-ಡಿ ಈ ಊರಿನ ಎಷ್ಟೋ ಐ.ಟಿ. ಉದ್ಯೋಗಿಗಳ ಪಾಲಿಗೆ ಬಸ್ಸು ಎಂಬುದರ ಇನ್ನೊಂದು ಹೆಸರು. ಅದು ಗೆದ್ದದ್ದು ಪೂರ್ವದಲ್ಲಿ. ಪೂರ್ವದ ವರ್ತುಲ ರಸ್ತೆಯಲ್ಲಿ ಕಂಪನಿಗಳು ರಸ್ತೆಯ ಮೇಲೇ ಇವೆ, ಬಸ್ಸಿಳಿದರೆ ಗೇಟು. ಪಶ್ಚಿಮದಲ್ಲಿ ವರ್ತುಲ ರಸ್ತೆಯಲ್ಲಿ ಇಳಿದವರು ಇನ್ನೂ ಮಾಗಡಿ ರಸ್ತೆಯ ಒಳಕ್ಕೋ ಮೈಸೂರು ರಸ್ತೆಯ ಆಚೆಗೋ ಹೋಗಬೇಕು. ಇಲ್ಲಿ ಬಸ್ಸು ಇಳಿದು ಬಸ್ಸು ಹತ್ತದೆ ಗತಿಯಿಲ್ಲ. ಮತ್ತು ನಾವು ಎಲ್ಲದಕ್ಕಿಂತ ಹೆಚ್ಚು ದ್ವೇಷಿಸುವುದು ಇಳಿದು ಹತ್ತುವುದನ್ನೇ.

ಆದ್ದರಿಂದ ಪ್ರತಿ ಬಡಾವಣೆಯ ಬೇಡಿಕೆ ಒಂದೇ: ನಮ್ಮಲ್ಲಿಂದ ನೇರ ಬಸ್ಸು ಬಿಡಿ. ಶಾಸಕರಿಗೆ ಮನವಿ ಹೋಗುತ್ತದೆ. ಹಳೆಯ ನಂಬರಿಗೆ ಒಂದು ಎ, ಒಂದು ಬಿ, ಆಮೇಲೆ ಇ, ಎಫ್, ಕೆ ಸೇರುತ್ತವೆ. ಮೊದಲ ದಿನ ಬಸ್ಸಿಗೆ ಬಾಳೆಕಂಬ, ಚೆಂಡುಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಶಾಸಕರು ಹಸಿರು ಬಾವುಟ ತೋರಿಸುತ್ತಾರೆ, ಡ್ರೈವರು ನಾಚಿಕೊಂಡು ಫೋಟೋಗೆ ನಿಲ್ಲುತ್ತಾನೆ. ಎರಡು ಬಸ್ಸುಗಳು ಚೆನ್ನಾಗಿ ಸಂಧಿಸುವ ಒಂದು ಜಾಗಕ್ಕೆ ಯಾರೂ ತೆಂಗಿನಕಾಯಿ ಒಡೆದದ್ದನ್ನು ನಾನಂತೂ ಕೇಳಿಲ್ಲ. ಅಲ್ಲಿ ಉದ್ಘಾಟಿಸಲು ಏನೂ ಕಾಣುವುದಿಲ್ಲ.

ನೇರ ಬಸ್ಸಿನ ಲೆಕ್ಕ ಎಲ್ಲಿ ಕೈಕೊಡುತ್ತದೆ ನೋಡೋಣ. ಒಂದು ಬಡಾವಣೆಯಿಂದ ನಾಲ್ಕು ದಿಕ್ಕಿಗೆ ನಾಲ್ಕು ನೇರ ಬಸ್ಸು ಬಿಟ್ಟರು ಅನ್ನಿ. ಇರುವ ಗಾಡಿಗಳನ್ನು ಹಂಚಿದಾಗ ಒಂದೊಂದೂ 40 ನಿಮಿಷಕ್ಕೊಮ್ಮೆ ಬರುತ್ತದೆ. ಹೊತ್ತು ಗೊತ್ತಿಲ್ಲದೆ ಸ್ಟಾಪಿಗೆ ಬಂದವನು ಸರಾಸರಿ 20 ನಿಮಿಷ ಕಾಯುತ್ತಾನೆ. ಈಗ ಆ ನಾಲ್ಕು ಬಸ್ಸಿನ ಗಾಡಿಗಳನ್ನೆಲ್ಲ ಒಂದೇ ದಾರಿಗೆ ಹಚ್ಚಿ. ದೂರ ಹೆಚ್ಚುಕಡಿಮೆ ಒಂದೇ ಇದ್ದರೆ 10 ನಿಮಿಷಕ್ಕೊಂದು ಬಸ್ಸು. ಸರಾಸರಿ ಕಾಯುವಿಕೆ 5 ನಿಮಿಷ. ಮುಂದಿನ ಕೂಡುರಸ್ತೆಯಲ್ಲಿ ಇಳಿದು ಹಾಗೆಯೇ 10 ನಿಮಿಷಕ್ಕೊಮ್ಮೆ ಬರುವ ಇನ್ನೊಂದು ಬಸ್ಸು ಹಿಡಿದರೆ ಮತ್ತೆ 5. ಎರಡು ಬಸ್ಸು ಹತ್ತಿದವನು ಒಟ್ಟು ಕಾದದ್ದು 10 ನಿಮಿಷ. ನೇರ ಬಸ್ಸಿನವನು 20. ಇಷ್ಟೇ ಅಲ್ಲ, ಎರಡು ಬಸ್ಸಿನವನಿಗೆ ನಾಲ್ಕಲ್ಲ, ಬಲೆಯ ಮೇಲಿನ ಎಲ್ಲ ಊರೂ ತೆರೆದಿದೆ. ಬಿ.ಟಿ.ಎಸ್. ಎಂದರೆ ‘ಬಿಟ್ರೆ ತಿರುಗಿ ಸಿಗಲ್ಲ’ ಎಂದು ಹಿರಿಯರು ತಮಾಷೆ ಮಾಡುತ್ತಿದ್ದರಲ್ಲ, ಅದು ಬಸ್ಸುಗಳ ಸಂಖ್ಯೆಯ ಬಗ್ಗೆ ಆಡಿದ ಮಾತಲ್ಲ, ಎರಡು ಬಸ್ಸುಗಳ ನಡುವಿನ ಹೊತ್ತಿನ ಬಗ್ಗೆ ಆಡಿದ್ದು.

ಬಸ್ಸುಗಳನ್ನು ಹೀಗೆ ಬಲೆಯಾಗಿ ಓಡಿಸಿ ನೋಡಿದ ಊರುಗಳಿವೆ. ಅಮೆರಿಕದ ಹ್ಯೂಸ್ಟನ್ ನಗರ 2015ರ ಆಗಸ್ಟ್ 16ರ ಭಾನುವಾರ ಬೆಳಗಾಗುವಷ್ಟರಲ್ಲಿ ತನ್ನ ಹಳೆಯ ಬಸ್ ನಕ್ಷೆಯನ್ನು ಮಡಚಿಟ್ಟು ಹೊಸದನ್ನು ಹಾಸಿತು. ಅಲ್ಲೂ ಹೆಚ್ಚಿನ ಬಸ್ಸುಗಳು ಊರಿನ ನಡುವಿಗೇ ಹೋಗುತ್ತಿದ್ದವು. ಹೊಸ ನಕ್ಷೆಯಲ್ಲಿ ಪದೇ ಪದೇ ಬರುವ ಬಸ್ಸುಗಳು ಉದ್ದಕ್ಕೂ ಅಡ್ಡಕ್ಕೂ ಓಡಿದವು. ಸ್ಪೇನಿನ ಬಾರ್ಸಿಲೋನಾ ಅಷ್ಟು ಅವಸರ ಮಾಡಲಿಲ್ಲ. 2012ರಲ್ಲಿ ಐದು ಮಾರ್ಗಗಳಿಂದ ಶುರು ಮಾಡಿ, 2018ರ ಹೊತ್ತಿಗೆ 28 ಮಾರ್ಗಗಳ ಬಲೆ ಮುಗಿಸಿತು. ಅಡ್ಡ ಹೋಗುವ ಬಸ್ಸಿಗೆ ಒಂದು ಅಕ್ಷರ, ಉದ್ದ ಹೋಗುವುದಕ್ಕೆ ಇನ್ನೊಂದು, ಓರೆಯಾಗಿ ಹೋಗುವುದಕ್ಕೆ ಮತ್ತೊಂದು. ಹೊಸಬರೂ ನಂಬರು ನೋಡಿ ದಿಕ್ಕು ತಿಳಿಯಬಹುದು. ದಕ್ಷಿಣ ಕೊರಿಯದ ಸೋಲ್ 2004ರ ಜುಲೈ 1ರಂದು ಬಸ್ಸುಗಳಿಗೆ ನೀಲಿ, ಹಸಿರು, ಕೆಂಪು, ಹಳದಿ ಎಂದು ಬಣ್ಣ ಹಚ್ಚಿ, ಕಾರ್ಡ್ ಟಿಕೆಟ್ ತಂದು, ಬಸ್ಸಿಂದ ಬಸ್ಸಿಗೂ ಮೆಟ್ರೋಗೂ ಸೇರಿ ಒಟ್ಟು ದೂರಕ್ಕೆ ಒಂದೇ ದರ ಎಂದಿತು. ಮೊದಲ ದಿನಗಳಲ್ಲಿ ಗೊಂದಲವೋ ಗೊಂದಲ. ಕಾರ್ಡು ಓದುವ ಯಂತ್ರ ಕೆಟ್ಟಿತು, ಮೇಯರ್ ಜನರ ಕ್ಷಮೆ ಕೇಳಬೇಕಾಯಿತು. ಆದರೆ ನಕ್ಷೆಯನ್ನು ಹಿಂತೆಗೆದುಕೊಳ್ಳಲಿಲ್ಲ. ಈ ಮೂರರಲ್ಲಿ ನಮಗೆ ಹೊಂದುವುದು ಸೋಲ್ ಎಂದು ನನ್ನ ಅಂದಾಜು. ನಮ್ಮ ಹಾಗೆ ಕಿಕ್ಕಿರಿದ ಊರು. ಮತ್ತು ಅದು ದಾರಿಯಷ್ಟೇ ದರಕ್ಕೂ ಕೈ ಹಾಕಿತು.

ನಮ್ಮಲ್ಲೂ ಪ್ರಯತ್ನ ನಡೆದಿದೆ. 2010ರ ಆಸುಪಾಸಿನಲ್ಲಿ ‘ಬಿಗ್ ಟೆನ್’ ಎಂದು ಹಸಿರು ಬಸ್ಸುಗಳು ಮುಖ್ಯ ರಸ್ತೆಗಳ ಮೇಲೆ ಒಳಗಲ್ಲಿಗಳನ್ನು ಸುತ್ತದೆ ನೇರ ಓಡಿದವು. 2013ರಲ್ಲಿ ಹೊಸೂರು ರಸ್ತೆಯಲ್ಲಿ ದೊಡ್ಡ ದಾರಿಗೆ ಒಂದು ಬಸ್ಸು, ಒಳಗಿನ ಬಡಾವಣೆಗೆ ಕೂಡುಬಸ್ಸು ಎಂಬ ಪ್ರಯೋಗವಾಯಿತು. 2019ರಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರಕ್ಕೆ ಬಸ್ಸಿಗೇ ಮೀಸಲಾದ ಪಥ ಬಂತು. ಮೂರರಲ್ಲಿ ಎರಡು ಪೂರ್ವ-ದಕ್ಷಿಣದವು. ಪಶ್ಚಿಮಕ್ಕೆ ಸಿಕ್ಕಿದ್ದು ಕಟ್ಟಡಗಳು: ಯಶವಂತಪುರ, ವಿಜಯನಗರ, ಕೆಂಗೇರಿಯ ಟಿ.ಟಿ.ಎಂ.ಸಿ. ಎಂಬ ಬಹುಮಹಡಿ ಬಸ್ ನಿಲ್ದಾಣಗಳು. ವಾಹನ ನಿಲ್ಲಿಸಲು ಮಹಡಿಗಳು ಬಂದವು, ಬಾಡಿಗೆಗೆ ಅಂಗಡಿ ಜಾಗ ಬಂತು. ಕಟ್ಟಡಗಳೇನೋ ಗಟ್ಟಿಯಾಗಿವೆ. ಆದರೆ ಈ ಮೂರು ಕಟ್ಟಡಗಳನ್ನು ಒಂದಕ್ಕೊಂದು ಪೋಣಿಸಿ ದಿನವಿಡೀ ಹತ್ತು ನಿಮಿಷಕ್ಕೊಮ್ಮೆ ಓಡುವ, ನಂಬರು ನೋಡದೆ ಹತ್ತಬಹುದಾದ ಬಸ್ಸು ಎಲ್ಲಿ?

ಈಗ ಸುಮನಹಳ್ಳಿಗೆ ಬರೋಣ. ವರ್ತುಲ ರಸ್ತೆಯೂ ಮಾಗಡಿ ರಸ್ತೆಯೂ ಕತ್ತರಿಸುವ ಜಾಗ ಅದು. ಪಶ್ಚಿಮ ಬೆಂಗಳೂರಿನಲ್ಲಿ ಬಸ್ಸು ಬದಲಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂದು ನಕ್ಷೆ ಹೇಳುತ್ತದೆ. ಅಲ್ಲಿ ನಿಂತರೆ ಕಾಣುವುದೇ ಬೇರೆ. ವರ್ತುಲ ರಸ್ತೆ ಮೇಲ್ಸೇತುವೆಯಾಗಿ ಮಾಗಡಿ ರಸ್ತೆಯ ತಲೆಯ ಮೇಲೆ ಹಾಯುತ್ತದೆ. 2019ರಲ್ಲಿ ನಡುವೆ ತೂತು ಬಿದ್ದು ಕೆಳಗಿನ ರಸ್ತೆ ಕಂಡು ಸುದ್ದಿಯಾಯಿತಲ್ಲ, ಅದೇ ಸೇತುವೆ. ಬಸ್ಸು ಸೇತುವೆ ಏರಿದರೆ ಕೂಡುರಸ್ತೆ ತಪ್ಪಿಹೋಗುತ್ತದೆ. ಏರದೆ ಪಕ್ಕದ ದಾರಿಯಲ್ಲಿ ಬಂದರೆ ಸಿಗ್ನಲಿನ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಪ್ರಯಾಣಿಕ ಸೇತುವೆಯ ಬುಡದಲ್ಲಿ ಎಲ್ಲೋ ಇಳಿದು, ಆಟೋಗಳ ಸಾಲಿನ ಸಂದಿಯಲ್ಲಿ ತೂರಿ, ಎಡಕ್ಕೆ ತಿರುಗುವ ಲಾರಿಗೆ ಕೈ ತೋರಿಸಿ, ಕಂಬಗಳ ನಡುವೆ ದಾಟಿ, ತಾವರೆಕೆರೆಯ ಕಡೆಯ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಎಳನೀರಿನವನನ್ನು ಕೇಳಬೇಕು. ಎಳನೀರಿನವನಿಗೆ ಗೊತ್ತಿರುತ್ತದೆ. ಫಲಕಕ್ಕೆ ಗೊತ್ತಿರುವುದಿಲ್ಲ.

ಸಿಗ್ನಲ್‌ರಹಿತ ರಸ್ತೆ ಎಂದು ನಾವು ಹೆಮ್ಮೆಯಿಂದ ಹೇಳಿಕೊಂಡದ್ದರ ಇನ್ನೊಂದು ಮಗ್ಗುಲು ಇದು. ಕಾರ್ಡ್ ರೋಡಿನಲ್ಲಿ ಮಂಜುನಾಥನಗರ, ಶಿವನಗರದ ಮೇಲ್ಸೇತುವೆಗಳು ಕಾರಿಗೆ ಒಳ್ಳೆಯದನ್ನೇ ಮಾಡಿವೆ. ಕಾರಿಗೆ ಕೂಡುರಸ್ತೆ ಎಂದರೆ ಅಡ್ಡಿ. ಬಸ್ಸಿಗೆ ಕೂಡುರಸ್ತೆಯೇ ಊರು. ಸೇತುವೆ ಕಟ್ಟುವಾಗ ಬಸ್‌ಸ್ಟಾಪನ್ನು ಸರಿಸಿ ಎಲ್ಲೋ ಮುನ್ನೂರು ಹೆಜ್ಜೆ ಆಚೆ ನೆಟ್ಟರೆ ನಕ್ಷೆಯಲ್ಲಿ ಕೂಡಿದ ಎರಡು ಮಾರ್ಗಗಳು ನೆಲದ ಮೇಲೆ ಕೂಡುವುದಿಲ್ಲ. ಮಾರ್ಗಗಳ ಮರುವಿನ್ಯಾಸ ಎಂದರೆ ಬಿ.ಎಂ.ಟಿ.ಸಿ. ಕಚೇರಿಯಲ್ಲಿ ಕುಳಿತು ಗೆರೆ ಎಳೆಯುವುದು ಎಂದು ಎಷ್ಟೋ ಜನ ತಿಳಿದಿದ್ದಾರೆ. ಅರ್ಧ ಕೆಲಸ ರಸ್ತೆಯ ಇಲಾಖೆಯದು: ನಾಲ್ಕು ಸ್ಟಾಪುಗಳನ್ನು ಮೂಲೆಗೆ ತಂದು, ಒಂದು ಸುರಕ್ಷಿತ ದಾಟು, ಒಂದು ಸೂರು, ರಾತ್ರಿ ಎಂಟಕ್ಕೂ ಹೆಣ್ಣುಮಗಳು ಹೆದರದೆ ನಿಲ್ಲುವಷ್ಟು ಬೆಳಕು. ಸಾಧ್ಯವಾದರೆ ಒಂದು ಶೌಚಾಲಯ. ಮೇಲ್ಸೇತುವೆಯ ಒಂದು ಕಂಬದ ಖರ್ಚೂ ಆಗಲಾರದು.

ಬಸ್ಸು ಬದಲಿಸಲು ಜನ ಹಿಂಜರಿಯುವುದಕ್ಕೆ ಕಾಯುವ ಹೊತ್ತೊಂದೇ ಕಾರಣವಲ್ಲ. ತಜ್ಞರ ವರದಿಗಳಲ್ಲಿ ಅಷ್ಟಾಗಿ ಮಹತ್ವ ಸಿಗದ ಒಂದು ಸಂಗತಿಯಿದೆ: ಸೀಟು. ಹಾವನೂರು ಸರ್ಕಲ್ಲಿನಲ್ಲಿ ಹೇಗೋ ಕಿಟಕಿ ಪಕ್ಕ ಜಾಗ ಸಿಕ್ಕಿತು. ಮಡಿಲಲ್ಲಿ ಚೀಲ ಇಟ್ಟುಕೊಂಡು ಕಣ್ಣು ಮುಚ್ಚಿದ್ದಾಗಿದೆ. ಈಗ ಟೋಲ್‌ಗೇಟಿನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತು ಎಂದರೆ, ಸಿಕ್ಕಿದ ಸೀಟನ್ನು ಕೈಯಾರೆ ಬಿಟ್ಟು ಕಂಬಿ ಹಿಡಿದು ನೇತಾಡು ಎಂದ ಹಾಗೆ. ಹೊಲಿಗೆ ಯಂತ್ರದ ಮುಂದೆ ದಿನವೆಲ್ಲ ದುಡಿದು ಮನೆಗೆ ಹೊರಟವಳಿಗೆ ಅರ್ಧ ಗಂಟೆ ಹೆಚ್ಚಾದರೂ ಪರವಾಗಿಲ್ಲ, ಕೂತೇ ಹೋಗುತ್ತೇನೆ ಎನ್ನಿಸಿದರೆ ಅದನ್ನು ಅಜ್ಞಾನ ಎನ್ನಲಾಗದು. ಎರಡನೆಯ ಬಸ್ಸಿನಲ್ಲಿ ಕೂರಲು ಅಲ್ಲದಿದ್ದರೂ ನೆಟ್ಟಗೆ ನಿಲ್ಲಲು ಜಾಗವಿದ್ದರೆ ಮಾತ್ರ ಅವಳು ಇಳಿದಾಳು. ಅಂದರೆ ಅಡ್ಡಮಾರ್ಗಕ್ಕೆ ಅಳಿದುಳಿದ ಗಾಡಿಗಳನ್ನು ಹಾಕಿ ಪರೀಕ್ಷೆ ಮಾಡಿದೆವು, ಜನ ಬರಲಿಲ್ಲ ಎನ್ನುವಂತಿಲ್ಲ.

ಇನ್ನು ದುಡ್ಡು. ನಮ್ಮಲ್ಲಿ ಬಸ್ಸು ಬದಲಿಸಿದರೆ ಎರಡನೆಯ ಟಿಕೆಟ್. ಮತ್ತೆ ಮೊದಲ ಸ್ಟೇಜಿನಿಂದ ಲೆಕ್ಕ. 2025ರ ಜನವರಿಯಲ್ಲಿ ದರ ಶೇಕಡಾ 15 ಏರಿದ ಮೇಲೆ ಸಾಮಾನ್ಯ ಬಸ್ಸಿನ ಕನಿಷ್ಠ ಟಿಕೆಟ್ 6 ರೂಪಾಯಿ, ದಿನದ ಪಾಸು 80. ಪಾಸು ಇದ್ದವರಿಗೆ ಚಿಂತೆಯಿಲ್ಲ. ಒಂದೇ ಸಲ ಹೋಗಿ ಬರುವ ಗಂಡಸಿಗೆ ಪಾಸು ದುಬಾರಿ, ಎರಡೆರಡು ಟಿಕೆಟ್ ಇನ್ನೂ ಕಿರಿಕಿರಿ. ನೇರ ಬಸ್ಸು ಹಿಡಿದವನಿಗಿಂತ ಕಷ್ಟಪಟ್ಟು ಎರಡು ಬಸ್ಸು ಹತ್ತಿದವನು ಹೆಚ್ಚು ಕೊಡಬೇಕು ಎನ್ನುವುದು ಯಾವ ನ್ಯಾಯವೋ.

ಇಲ್ಲೊಂದು ವಿಚಿತ್ರ ನಡೆದಿದೆ. 2023ರ ಜೂನ್ 11ರಂದು ಹೆಂಗಸರಿಗಾಗಿ ಶಕ್ತಿ ಯೋಜನೆ ಬಂದಾಗ ಅದನ್ನು ಉಚಿತ ಪ್ರಯಾಣ ಎಂದು ಹೊಗಳಿದವರೂ ಇದ್ದರು, ತೆಗಳಿದವರೂ ಇದ್ದರು. ಅದು ಅರ್ಧ ಊರಿಗೆ ಬಸ್ಸು ಬದಲಿಸುವ ದಂಡವನ್ನು ರದ್ದು ಮಾಡಿತು ಎಂಬುದನ್ನು ಗಮನಿಸಿದವರು ಕಡಿಮೆ. ಹೆಂಗಸರು ಈಗ ಮೊದಲು ಬಂದ ಬಸ್ಸು ಹತ್ತಿ, ಕೂಡುರಸ್ತೆಯಲ್ಲಿ ಇಳಿದು, ಮುಂದಿನ ಬಸ್ಸು ಹತ್ತಬಹುದು. ಎರಡು ಸಲ ಶೂನ್ಯ ಟಿಕೆಟ್, ಎರಡು ಸೊನ್ನೆ ಕೂಡಿದರೂ ಸೊನ್ನೆ. ಕಂಡಕ್ಟರ ಕೈಯ ಯಂತ್ರ ಹತ್ತಿದ ಸ್ಟಾಪು, ಇಳಿಯುವ ಸ್ಟಾಪು ಎರಡನ್ನೂ ಚೀಟಿಯ ಮೇಲೆ ಮುದ್ರಿಸುತ್ತದೆ. ಸ್ಟಾಪಿನ ಹೆಸರನ್ನು ಸರಿಯಾಗಿ ಒತ್ತಿದರೆ, ಈ ಊರಿನ ಜನ ನಿಜವಾಗಿ ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ ಎನ್ನುವ ಸಮೀಕ್ಷೆ ದಿನದಿನವೂ ನಡೆದುಹೋಗುತ್ತಿದೆ, ಬೇರೆ ಖರ್ಚಿಲ್ಲದೆ. ಉಳಿದವರಿಗೂ ಎರಡು ಗಂಟೆ ಸಲ್ಲುವ ಒಂದು ಟಿಕೆಟ್ ಕೊಟ್ಟುಬಿಟ್ಟರೆ ಹೊಸ ನಕ್ಷೆಯ ಅರ್ಧ ವಿರೋಧ ಕರಗುತ್ತದೆ.

ಮೆಟ್ರೋ ಬರುತ್ತದಲ್ಲ, ಅಲ್ಲಿಯವರೆಗೆ ಕಾದರಾಯಿತು ಎನ್ನುವವರಿದ್ದಾರೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮೂರನೆಯ ಹಂತದಲ್ಲಿ ಎರಡು ಮಾರ್ಗಗಳಿವೆ: ಜೆ.ಪಿ. ನಗರದಿಂದ ಪಶ್ಚಿಮದ ವರ್ತುಲ ರಸ್ತೆ ಹಿಡಿದು ಕೆಂಪಾಪುರಕ್ಕೆ ಒಂದು, ಹೊಸಹಳ್ಳಿಯಿಂದ ಮಾಗಡಿ ರಸ್ತೆ ಹಿಡಿದು ಕಡಬಗೆರೆಗೆ ಇನ್ನೊಂದು. ಒಟ್ಟು 44.65 ಕಿಲೋಮೀಟರ್, 15,611 ಕೋಟಿ ರೂಪಾಯಿ. ಎರಡೂ ಕೂಡುವುದು ಸುಮನಹಳ್ಳಿಯಲ್ಲೇ. ಬಸ್ಸಿನ ನಕ್ಷೆಗೆ ಬೇಕಿದ್ದ ಗಂಟು ಯಾವುದು ಎಂಬುದನ್ನು ಮೆಟ್ರೋ ಎಂಜಿನಿಯರುಗಳೇ ಗುರುತಿಸಿಕೊಟ್ಟ ಹಾಗಾಯಿತು. ರೈಲು ಓಡಲು ವರ್ಷಗಳು ಬೇಕು. ಅದಕ್ಕಿಂತ ಮೊದಲು ರಸ್ತೆ ಅಗೆಯಬೇಕು, ಬ್ಯಾರಿಕೇಡ್ ನೆಡಬೇಕು. ಪೂರ್ವದ ಬಸ್ ಪಥವನ್ನು ಮೆಟ್ರೋ ಕಾಮಗಾರಿಯೇ ನುಂಗಿದ್ದನ್ನು ಕಂಡಿದ್ದೇವೆ. ಪಶ್ಚಿಮದಲ್ಲಿ ಅಗೆತ ಜೋರಾಗುವ ಮೊದಲೇ ಬಸ್ಸಿಗೆ ಜಾಗ ಗುರುತಿಸದಿದ್ದರೆ 401ರ ಉದ್ದನೆಯ ಮಾರ್ಗಗಳು ಮೊದಲು ಸೊರಗುತ್ತವೆ. ಗೊರಗುಂಟೆಪಾಳ್ಯದಲ್ಲಿ ಸಿಕ್ಕಿಬಿದ್ದ ಬಸ್ಸಿನ ತಡ ನಾಗರಭಾವಿಯ ಸ್ಟಾಪಿನಲ್ಲಿ ಗೊತ್ತಾಗುತ್ತದೆ: ಮುಕ್ಕಾಲು ಗಂಟೆ ಏನೂ ಇಲ್ಲ, ಆಮೇಲೆ ಮೂರು ಬಸ್ಸು ಒಂದರ ಬಾಲ ಒಂದು ಹಿಡಿದು ಬರುತ್ತವೆ. ಮಾರ್ಗ ಮೊಟಕಾದಷ್ಟೂ ಈ ರೋಗ ಕಡಿಮೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಹ್ಯೂಸ್ಟನ್ ಹಾಗೆ ಒಂದೇ ರಾತ್ರಿಯಲ್ಲಿ ಇಡೀ ಊರನ್ನು ಬದಲಿಸುವ ಎದೆಗಾರಿಕೆ ನಮಗೆ ಬೇಡ. ಕಾರ್ಡ್ ರೋಡಿನ ಒಂದೇ ಮಾರ್ಗ ಸಾಕು. ಯಶವಂತಪುರದ ನಿಲ್ದಾಣದಿಂದ ಹೊರಟು, ಸಾಬೂನು ಕಾರ್ಖಾನೆ, ರಾಜಾಜಿನಗರ ಒಂದನೇ ಬ್ಲಾಕ್, ಟೋಲ್‌ಗೇಟ್, ವಿಜಯನಗರ, ಅತ್ತಿಗುಪ್ಪೆ, ದೀಪಾಂಜಲಿನಗರ, ನಾಯಂಡಹಳ್ಳಿ. ಒಳಗಲ್ಲಿಗೆ ತಿರುಗುವ ಹಾಗಿಲ್ಲ, ನಂಬರಿಗೆ ಬಾಲ ಸೇರಿಸುವ ಹಾಗಿಲ್ಲ. ಈ ಒಂದು ಗೆರೆ ಹಸಿರು ಮೆಟ್ರೋವನ್ನು ಮುಟ್ಟುತ್ತದೆ, ನೇರಳೆ ಮೆಟ್ರೋವನ್ನು ಮುಟ್ಟುತ್ತದೆ, ಹೊರಹೋಗುವ ಮೂರು ರಸ್ತೆಗಳ ಬಸ್ಸುಗಳನ್ನೂ ಮುಟ್ಟುತ್ತದೆ. ಕೆಂಗೇರಿಗೆ ಹೋಗುವವನು ವಿಜಯನಗರದಲ್ಲಿ ಇಳಿದು ಮೆಟ್ರೋ ಹತ್ತಬಹುದು. 2021ರ ಆಗಸ್ಟ್‌ನಿಂದ ರೈಲು ಕೆಂಗೇರಿ ಮುಟ್ಟಿದೆ. ಇಲ್ಲವೇ ನಾಯಂಡಹಳ್ಳಿಯಲ್ಲಿ ಇಳಿದು ಮೈಸೂರು ರಸ್ತೆಯ ಬಸ್ಸು. ಹೋಗಿ ಬರಲು, ಡ್ರೈವರು-ಕಂಡಕ್ಟರು ಒಂದು ಲೋಟ ಚಹಾ ಕುಡಿಯುವ ಬಿಡುವೂ ಸೇರಿ, ಎರಡು ಗಂಟೆ ಹಿಡಿಯಿರಿ. ಹತ್ತು ನಿಮಿಷಕ್ಕೊಂದರಂತೆ 12 ಬಸ್ಸು ಬೇಕು. ಬಿ.ಎಂ.ಟಿ.ಸಿ.ಯ ಬಳಿ ಇರುವುದು ಆರು ಸಾವಿರಕ್ಕೂ ಹೆಚ್ಚು.

ಆರು ತಿಂಗಳು ಓಡಿಸಲಿ. ಒಂದೇ ಒಂದು ಷರತ್ತು. ಕಿಲೋಮೀಟರಿಗೆ ಎಷ್ಟು ಸಂಪಾದನೆ ಎಂದು ಆ 12 ಬಸ್ಸುಗಳ ಗಲ್ಲಾಪೆಟ್ಟಿಗೆಯನ್ನಷ್ಟೇ ನೋಡಬಾರದು. ಟೋಲ್‌ಗೇಟಿನಲ್ಲಿ ಇಳಿದವರು ಮಾಗಡಿ ರಸ್ತೆಯ ಬಸ್ಸಿಗೆ ಹತ್ತಿದರೆ ಆ ಟಿಕೆಟಿನಲ್ಲೂ ಈ ಮಾರ್ಗದ ಪಾಲಿದೆ. ಮೆಜೆಸ್ಟಿಕ್ ಬಸ್ಸಿನಲ್ಲಿ ಬೆಳಗಿನ ನೂಕುನುಗ್ಗಲು ಹತ್ತು ಜನರಷ್ಟು ಕಡಿಮೆಯಾದರೆ ಅದೂ ಇದರ ಲೆಕ್ಕಕ್ಕೇ ಸೇರಬೇಕು. ಡಿಪೋಗಳ ಲೆಕ್ಕದ ಪುಸ್ತಕದಲ್ಲಿ ಇದಕ್ಕೊಂದು ಅಂಕಣ ಗೀಚಿಕೊಳ್ಳುವುದು ಮೊದಲ ಕೆಲಸ. ಬಸ್ಸಿಗೆ ಹಾರ ಹಾಕುವುದು ಆಮೇಲೆ ಆಗಲಿ.